ಪ್ರಣಯ, ಸ್ನೇಹ, ವಾತ್ಸಲ್ಯ: ಮೈಕೆಲ್ ಕನಿಂಗ್‌ಹ್ಯಾಮರ ಒಂದು ಕಾದಂಬರಿ

ಅಮೆರಿಕದ ಕಾದಂಬರಿಕಾರರಾದ ಮೈಕೆಲ್ ಕನಿಂಗ್‌ಹ್ಯಾಮರ ಹೆಸರು, 1999ರಲ್ಲಿ ಪುಲಿಟ್ಜರ್ ಪಾರಿತೋಷಕವನ್ನು ಪಡೆದ ‘ದಿ ಅವರ್ಸ್’ ಎಂಬ ಗ್ರಂಥದಿಂದ ಲೋಕಪ್ರಸಿದ್ಧವಾಯಿತು. ಅದಕ್ಕೆ ಪೂರ್ವದಲ್ಲಿ, 1990ರಲ್ಲಿ, ಅವರು ಪ್ರಕಟಿಸಿದ ‘ಎ ಹೋಮ್ ಅಟ್ ದಿ ಎಂಡ್ ಆಫ್ ದಿ ವರ್ಲ್ಡ್’, ಎಂದರೆ ‘ಲೋಕದ ಕೊನೆಯಲ್ಲೊಂದು ಮನೆ’, ಎಂಬ ಕಾದಂಬರಿಯೂ ವಿದ್ವಾಂಸರ ವಿಚಾರಕ್ಕೆ ಅರ್ಹವಾದುದು. ಪುರುಷರಿಬ್ಬರ ಅನುರಾಗವನ್ನು ವರ್ಣಿಸುವ ಕಥೆಗಳು ಇಂಗ್ಲಿಷಿನಲ್ಲಿ ಮೊದಲೂ ಇದ್ದುವು. ಇ. ಎಂ. ಫಾರ್‌ಸ್ಟರರ ಮರಣಾನಂತರ 1971ರಲ್ಲಿ ಹೊರಬಂದ ‘ಮಾರಿಸ್’ ಅಂಥದು. ಅಲ್ಲಿ ಪ್ರೇಮಿಗಳು ಸಮಾಜವನ್ನು ತೊರೆದು ಹೋಗುವಲ್ಲಿಗೆ ಕಥೆಯು ಮುಗಿಯುವುದು. ಹಾಗೆ ತೊರೆದುಹೋದವರು ಮನೆಯನ್ನು ಕಟ್ಟಬಲ್ಲರೆ, ಆ ಮನೆಯಲ್ಲಿ ಮಗುವೊಂದು ಬೆಳೆಯಬಲ್ಲುದೆ ಎಂಬುದು ಕನಿಂಗ್‌ಹ್ಯಾಮರ ಪ್ರಶ್ನೆ.

ಕಥಾಸಾರವು ಇಷ್ಟು. ಒಹಾಯೊ ಸಂಸ್ಥಾನದ ಕ್ಲೀವ್‌ಲೆಂಡ್ ನಗರದಲ್ಲಿ ಜೊನಾಥನ್, ಬಾಬಿ ಎಂಬಿಬ್ಬರು ಬಾಲಕರು ಗೆಳೆಯರಾಗುತ್ತಾರೆ. ಬಾಬಿಯ ಅಣ್ಣನು ಮನೆಯಲ್ಲಿ ಔತಣ ನಡೆದ ರಾತ್ರಿ ಗಾಜಿನ ಬಾಗಿಲನ್ನು ಕಾಣದೆ ನುಗ್ಗಿ ಮೃತನಾದವನು. ಅನಂತರ ತಾಯಿತಂದೆಗಳೂ ತೀರಿಹೋದರು. ಅನಾಥನಾದ ಬಾಬಿಗೆ ಜೊನಾಥನನ ತಾಯಿ ಆಲಿಸಳು ಆಶ್ರಯವಿತ್ತು, ಅಡಿಗೆಯ ವಿದ್ಯೆಯನ್ನೂ ಕಲಿಸುತ್ತಾಳೆ. ಮುಂದೆ ನ್ಯೂಯಾರ್ಕಿನಲ್ಲಿ ಜೊನಾಥನನು ತನಗಿಂತ ಹಿರಿಯಳಾದ ಕ್ಲೇರ್ ಎಂಬಾಕೆಯೊಡನೆ ವಾಸಮಾಡುತ್ತಾನೆ. ಪ್ರಣಯವಿಲ್ಲದಿದ್ದರೂ ಕೂಡಿ ಒಂದು ಮಗುವನ್ನು ಪಡೆಯಬೇಕೆಂಬ ಮಾತು ಅವರಲ್ಲಿ ನಡೆದಿರುತ್ತದೆ. ಅಲ್ಲಿಗೆ ಬಂದ ಬಾಬಿಗೂ ಕ್ಲೇರಳಿಗೂ ಅನುರಾಗ ಬೆಳೆದು ರೆಬೆಕಾ ಎಂಬ ಹೆಣ್ಣುಮಗು ಹುಟ್ಟುತ್ತದೆ. ಮೂವರೂ ವುಡ್‌ಸ್ಟಾಕಿನ ಬಳಿ ಹಳೆಯ ಮನೆಯೊಂದನ್ನು ಕೊಂಡು, ಉಪಾಹಾರಗೃಹವನ್ನು ನಡೆಸುತ್ತ, ಒಂದೇ ಸಂಸಾರವಾಗಿ ಬಾಳತೊಡಗುತ್ತಾರೆ.

ಭಾರತೀಯ ಆಲಂಕಾರಿಕರಲ್ಲಿ ಮಮ್ಮಟನು ಕಾಂತಾವಿಷಯಕವಾದ ರತಿಯನ್ನು ಶೃಂಗಾರವೆಂದೂ, ದೇವಪುತ್ರಾದಿವಿಷಯಕವಾದುದನ್ನು ಕೇವಲ ಭಾವವೆಂದೂ ಬೇರ್ಪಡಿಸಿದನು. ಅವನಿಗೆ ಹಿಂದೆಯೇ ರುದ್ರಟನು ಸ್ನೇಹವನ್ನು ಸ್ಥಾಯಿಯಾಗಿ ಉಳ್ಳ ಪ್ರೇಯಸ್ಸೆಂಬ ರಸವನ್ನು ಹೇಳಿದ್ದನು. ಮುಂದೆ ವಿಶ್ವನಾಥನು ವತ್ಸಲರಸವನ್ನು ಅಂಗೀಕರಿಸಿದನು. ಈ ಮೂರರ ಎಲ್ಲೆಗಳ ವಿಚಾರವು ಶಾಸ್ತ್ರದಲ್ಲಿಯೇ ವಾದಗ್ರಸ್ತವಾದುದು. ಕಾದಂಬರಿಯ ಪಾತ್ರಗಳಾದರೋ ಆ ಎಲ್ಲೆಗಳೇ ಇಲ್ಲವೆಂದು ನಂಬಿ ಮನೆಯನ್ನು ಕಟ್ಟಿದವರು. ಜೊನಾಥನನಿಗೆ ಬಾಬಿಯು ಪ್ರಿಯನೂ ಹೌದು, ಸೋದರನೂ ಹೌದು, ಕ್ಲೇರಳು ಸಖಿ, ರೆಬೆಕಾ ತನ್ನ ರಕ್ತದಿಂದ ಹುಟ್ಟದ ಮಗಳು. ಈ ನಂಬಿಕೆಯು ಎಲ್ಲಿಯವರೆಗೆ ನಿಲ್ಲಬಲ್ಲುದೆಂಬುದೇ ಕೃತಿಯ ಜೀವಾಳ.

ಪರೀಕ್ಷೆಯು ಬರುವುದು ಜೊನಾಥನನ ಹಿಂದಿನ ಪ್ರಿಯನಾದ ಎರಿಕನಿಂದ. ಅವನು ಏಡ್ಸ್ ರೋಗಕ್ಕೆ ತುತ್ತಾದವನು. ಹಲವು ಔಷಧಗಳನ್ನು ಕೂಡಿಸಿ ಕೊಡುವ ಫಲಕಾರಿಯಾದ ಚಿಕಿತ್ಸೆಯು 1996ರ ಸುಮಾರಿಗೆ ಬಳಕೆಗೆ ಬರುವವರೆಗೆ ಆ ರೋಗವು ಬಹುಮಟ್ಟಿಗೆ ಮರಣಶಾಸನವೇ ಆಗಿದ್ದಿತು. ಎರಿಕನಿಗೆ ಆ ಮನೆಯಲ್ಲಿ ಸ್ಥಳ ದೊರೆಯುತ್ತದೆ. ಕ್ಲೇರಳು ಮಾತ್ರ ಕೆಲವು ದಿನಗಳ ಪ್ರಯಾಣದ ನೆಪದಿಂದ ಮಗುವನ್ನು ಕರೆದುಕೊಂಡು ಹೊರಟುಹೋಗುತ್ತಾಳೆ. ಆಕೆ ಹಿಂದಿರುಗಳೆಂಬುದು ಬಾಬಿಗೆ ತಿಳಿದೇ ಇರುತ್ತದೆ. ಇದನ್ನು ದ್ರೋಹವೆಂದು ತೀರ್ಮಾನಿಸುವುದು ಸುಲಭ. ಗ್ರಂಥಕರ್ತರು ಹಾಗೆ ಮಾಡಿಲ್ಲ. ಸ್ನೇಹವು ಮತ್ತೊಬ್ಬನಿಗೂ ಬಾಗಿಲನ್ನು ತೆರೆಯುತ್ತದೆ. ವಾತ್ಸಲ್ಯವು ಒಂದೇ ಜೀವವನ್ನು ಆರಿಸಿಕೊಂಡು ಕದವನ್ನಿಕ್ಕುತ್ತದೆ. ಮಗುವಿಗೆಂದು ಕಟ್ಟಿದ ಮನೆಯು ಮರಣೋನ್ಮುಖನಾದವನ ಮನೆಯಾಯಿತು. ಜೊನಾಥನನು ತಂದೆಯ ಹಕ್ಕಿಲ್ಲದೆ ಮಗಳನ್ನು ಕಳೆದುಕೊಂಡನು. ಸಲಿಂಗವಿವಾಹವನ್ನು ಆ ದೇಶದ ಸರ್ವೋಚ್ಚ ನ್ಯಾಯಾಲಯವು ಎಲ್ಲ ಸಂಸ್ಥಾನಗಳಿಗೂ ಅನ್ವಯಿಸುವಂತೆ ಮಾನ್ಯಮಾಡಿದುದು 2015ರಲ್ಲಿ; ಅದೂ ಇಬ್ಬರ ವಿವಾಹವನ್ನು. ಮೂವರ ಈ ಸಂಸಾರಕ್ಕೆ ಆ ತೀರ್ಪಿನಲ್ಲಿಯೂ ಎಡೆಯಿಲ್ಲ. ಆದುದರಿಂದ ಕೃತಿಯ ಪ್ರಶ್ನೆಯು ಹಳತಾಗಿಲ್ಲ.

ದೋಷಗಳೂ ಇಲ್ಲದಿಲ್ಲ. ಬಾಬಿ, ಜೊನಾಥನ್, ಆಲಿಸ್, ಕ್ಲೇರ್ ಈ ನಾಲ್ವರೂ ಸರದಿಯಂತೆ ಕಥೆಯನ್ನು ಹೇಳುವರು. ಪ್ರತಿಯೊಂದು ಅಧ್ಯಾಯಕ್ಕೂ ಹೇಳುವವರ ಹೆಸರೇ ಶೀರ್ಷಿಕೆ. ಆದರೆ ನಾಲ್ವರ ನುಡಿಯೂ ಬಹುಮಟ್ಟಿಗೆ ಒಂದೇ ಕಾವ್ಯಮಯವಾದ ಶೈಲಿಯದು. ಸಂಭಾಷಣೆಯಲ್ಲಿ ಮಿತಭಾಷಿಯಾದ ಬಾಬಿಯು ನಿರೂಪಣೆಗೆ ಬಂದೊಡನೆ ಉಪಮೆಗಳನ್ನು ಸುರಿಸುವುದು ಔಚಿತ್ಯಕ್ಕೆ ಭಂಗ. ಇದಕ್ಕಿಂತ ದೊಡ್ಡ ಕೊರತೆಯೆಂದರೆ, ಎರಿಕನಿಗೆ ಒಂದು ಅಧ್ಯಾಯವೂ ದೊರೆತಿಲ್ಲ. ಯಾರ ಸಾವಿನಿಂದ ಆ ಮನೆಯ ಬೆಲೆಯು ಗೊತ್ತಾಗಬೇಕೋ ಆತನ ಕಣ್ಣಿಗೆ ಆ ಮನೆ ಹೇಗೆ ಕಂಡಿತೆಂಬುದು ವಾಚಕರಿಗೆ ತಿಳಿಯದು.

ಹೀಗಿದ್ದರೂ ಕಾದಂಬರಿಯ ಪ್ರಾಮಾಣಿಕತೆಯು ಪ್ರಶಂಸನೀಯವಾದುದು. ಕೊನೆಯಲ್ಲಿ ಮಗುವಿಲ್ಲದ ಮನೆಯಲ್ಲಿ ಉಳಿದ ಮೂವರು ಗಂಡಸರು, ಚಳಿಯಿನ್ನೂ ಆರದ ಕೊಳದ ನೀರಿಗಿಳಿದು ನಿಲ್ಲುತ್ತಾರೆ. ರಕ್ತಸಂಬಂಧವಾಗಲಿ ಶಾಸನದ ಬಲವಾಗಲಿ ಇಲ್ಲದ ಸ್ನೇಹವು ಮಗುವನ್ನು ಉಳಿಸಿಕೊಳ್ಳಲಾರದೆ ಹೋಯಿತು, ಸಾಯುವವನ ಕೈಯನ್ನು ಮಾತ್ರ ಬಿಡಲಿಲ್ಲ. ಇವೆರಡನ್ನೂ ಮರೆಮಾಚದೆ ಒಂದೇ ಕಥೆಯಲ್ಲಿ ಹೇಳಿದುದರಿಂದಲೇ ಇದು ಸಾಮಾನ್ಯವಾದ ಪ್ರಣಯಕಥೆಗಳ ಸಾಲಿನಿಂದ ಮೇಲೆ ನಿಲ್ಲುವುದು.