ಒಂದೇ ಕಥೆ, ಎರಡು ಕೊರಳು

ಬೀಥೋವನನ ಐದನೆಯ ಸಿಂಫನಿ ಮೊದಲು ಕೇಳಿಬಂದದ್ದು 1808ರಲ್ಲಿ, ವಿಯೆನ್ನಾದಲ್ಲಿ. ಟಾಸ್ಕನಿನಿ ನಡೆಸಿದ ಧ್ವನಿಮುದ್ರಿಕೆಯಲ್ಲಿ ಅದರ ಲಯ ಎಳೆದು ಕಟ್ಟಿದ ಹಗ್ಗದಂತೆ ಬಿಗಿಯಾಗಿದೆ. ಫುರ್ಟ್‌ವೆಂಗ್ಲರ್ ನಡೆಸಿದ್ದರಲ್ಲಿ ಅದೇ ಲಯ ನಿಂತು, ಬಾಗಿ, ಮತ್ತೆ ಮುನ್ನುಗ್ಗುತ್ತದೆ. ಸ್ವರಲಿಪಿ ಒಂದೇ. ಯಾರದು ಸರಿ ಎಂಬ ವಾದ ಮಾತ್ರ ರಸಿಕರಲ್ಲಿ ಮುಗಿದಿಲ್ಲ.

ಈ ವಾದಕ್ಕಾಗಿ ಅಷ್ಟು ದೂರ ಹೋಗಬೇಕಾಗಿಲ್ಲ. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಜುಂಜಪ್ಪನ ಕಥೆಯನ್ನು ಕೇಳಿದರೆ ಸಾಕು. ದನ ಕಾಯ್ದ ವೀರನೊಬ್ಬ ಸೋದರಮಾವಂದಿರ ಸಂಚಿಗೆ ಬಲಿಯಾಗಿ ದೈವವಾದ ಕಥೆ ಅದು.

ಮೊಳಕಾಲ್ಮೂರಿನ ಕಡೆ ನಾನು ಕೇಳಿದ ಹಿರಿಯರು ಗಣೆ ಹಿಡಿದು ಹಾಡಿದರು. ಗಣೆಯೆಂದರೆ ಬಿದಿರಿನ ನೀಳ ಕೊಳಲು. ಒಂದಿಷ್ಟು ನುಡಿಸುವರು, ಒಂದಿಷ್ಟು ಹಾಡುವರು, ಮತ್ತೆ ನುಡಿಸುವರು. ಸಾವಿನ ಪ್ರಸಂಗ ಬಂದಾಗ ಮಾತನ್ನು ಅರ್ಧಕ್ಕೇ ಬಿಟ್ಟು ಉಳಿದದ್ದನ್ನು ಗಣೆಗೆ ಒಪ್ಪಿಸಿದರು. ಹಟ್ಟಿಯೇ ಮೌನವಾಯಿತು. ಸ್ತುತಿಭಾಗದಲ್ಲಿ ಮಾತ್ರ ಅದೇ ವಿಶೇಷಣಗಳು ಮರುಕಳಿಸಿ ಬೇಸರ ತಂದವೆನ್ನಬೇಕು.

ಚಳ್ಳಕೆರೆಯ ಸಮೀಪದ ಹಟ್ಟಿಯಲ್ಲಿ ಹೆಂಗಸರು ಹಾಡಿದ ಬಗೆಯೇ ಬೇರೆ. ವಾದ್ಯವಿಲ್ಲ. ಒಬ್ಬಾಕೆ ಸೊಲ್ಲೆತ್ತುವಳು, ಉಳಿದವರು ಅದನ್ನೇ ಹಿಂದೆ ಹೇಳುವರು. ಕಥೆ ಅರಿಯದವನಿಗೆ ಎಳೆ ತಪ್ಪುವುದುಂಟು. ಆದರೆ ಹಿರಿಯರು ನಾಲ್ಕು ಮಾತಿನಲ್ಲಿ ದಾಟಿದ ತಾಯಿಯ ದುಃಖ ಇಲ್ಲಿ ಇಡೀ ಹಾಡಾಯಿತು. ಅಲ್ಲಿ ವೀರ ಸತ್ತ. ಇಲ್ಲಿ ಮಗ ಸತ್ತ.

ಇವುಗಳಲ್ಲಿ ಮೂಲ ಯಾವುದು? ಈ ಪ್ರಶ್ನೆಯಿಂದಲೇ ನಾನು ಎಡವಿದ್ದೆ. ಒಮ್ಮೆ ತರಗತಿಯಲ್ಲಿ ಅಚ್ಚಾದ ಒಂದು ಪಾಠವನ್ನು ಓದುತ್ತಿದ್ದಾಗ ಹಟ್ಟಿಯಿಂದ ಬರುವ ವಿದ್ಯಾರ್ಥಿನಿಯೊಬ್ಬಳು ಎದ್ದು, "ನಮ್ಮಜ್ಜಿ ಹಿಂಗ್ ಹೇಳಲ್ಲ ಸಾರ್" ಎಂದಳು. "ಅಜ್ಜಿ ಮರೆತಿರಬೇಕು, ಕೂತ್ಕೊಳಮ್ಮ" ಎಂದುಬಿಟ್ಟೆ. ಆ ವರ್ಷವೆಲ್ಲ ಆಕೆ ಮತ್ತೆ ಬಾಯಿ ತೆರೆಯಲಿಲ್ಲ.

ಟಾಸ್ಕನಿನಿಯ ಮುಂದೆ ಬೀಥೋವನ್ ಬರೆದಿಟ್ಟ ಹಾಳೆಯಿತ್ತು. ನಮ್ಮ ಹಾಡುಗಾರರ ಮುಂದೆ ಅಂಥದ್ದೇನೂ ಇಲ್ಲ. ಕೃತಿಕಾರನೂ ನಿರ್ದೇಶಕನೂ ಅವರೇ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿತವರಲ್ಲ. ಕೃಷ್ಣಮೂರ್ತಿ ಹನೂರರು ಬರೆದುಕೊಂಡ ಹಾಡುಗಳೆಲ್ಲ ಆಕೆಯ ನೆನಪಿನಿಂದಲೇ ಬಂದವು. ಅಂಥವರ ಹಾಡನ್ನು ಪಾಠಾಂತರವೆಂದು ಅಡಿಟಿಪ್ಪಣಿಗೆ ತಳ್ಳುವುದು ವಿದ್ವತ್ತಲ್ಲ. ಹತ್ತು ಹಾಡುಗಳನ್ನು ಹೊಲಿದು ಒಂದು 'ಶುದ್ಧ ಪಾಠ' ಕಟ್ಟಿದರೆ ಯಾವ ಹಟ್ಟಿಯಲ್ಲೂ ಯಾರೂ ಹಾಡದ ಹಾಡೊಂದು ನಮ್ಮ ಕೈಗೆ ಬರುತ್ತದೆ, ಅಷ್ಟೆ. ಹಾಡಿದವರ ಹೆಸರು, ಊರು, ದಿನಗಳೊಡನೆ ಒಂದೊಂದನ್ನೂ ಬೇರೆಯಾಗಿಯೇ ಅಚ್ಚುಹಾಕಬೇಕು.

ಆ ಹುಡುಗಿಯ ಅಜ್ಜಿ ಏನು ಹಾಡುತ್ತಿದ್ದರೆಂದು ನಾನು ಅಂದು ಕೇಳಬೇಕಾಗಿತ್ತು.