ಸೆಲ್ಫ್ ಹೊಡೆಯದ ಟ್ರ್ಯಾಕ್ಟರಿಗೆ ಸ್ಕ್ರೂಡ್ರೈವರ್ ಮದ್ದಲ್ಲ

ನಮ್ಮ ಬಳ್ಳಾರಿ ಕಡೆ ಹಳೆಯ ಟ್ರ್ಯಾಕ್ಟರ್ ಇಟ್ಟುಕೊಂಡವರ ಹತ್ತಿರ ತುದಿ ಸುಟ್ಟು ಕಪ್ಪಾದ ಉದ್ದನೆಯ ಸ್ಕ್ರೂಡ್ರೈವರ್ ಒಂದು ಇದ್ದೇ ಇರುತ್ತದೆ. ಕೀ ತಿರುಗಿಸಿದಾಗ ಸೆಲ್ಫ್ ಹೊಡೆಯದಿದ್ದರೆ ಕೆಳಗಿಳಿದು, ಸೆಲ್ಫ್ ಮೋಟರಿನ ಸೊಲೆನಾಯ್ಡಿನ ದೊಡ್ಡ ಬೋಲ್ಟಿಗೂ ಪಕ್ಕದ ಸಣ್ಣ ಟರ್ಮಿನಲ್ಲಿಗೂ ಅದನ್ನು ಅಡ್ಡ ಇಡುತ್ತಾರೆ. ಕಿಡಿ ಹಾರಿ ಇಂಜಿನ್ ಎದ್ದುಬಿಡುತ್ತದೆ. ಸಿರುಗುಪ್ಪದ ನೆಲ್ಲು ಗದ್ದೆಯಲ್ಲೂ ಕುರುಗೋಡಿನ ಮೆಣಸಿನಕಾಯಿ ಹೊಲದಲ್ಲೂ ಇದಕ್ಕೆ ರಿಪೇರಿ ಎಂದೇ ಹೆಸರು. ನಾನು ಒಪ್ಪುವುದಿಲ್ಲ.

ಆದರೆ ಪರೀಕ್ಷೆಯಾಗಿ ಇದಕ್ಕೆ ಬೆಲೆಯಿದೆ. ಹೀಗೆ ತಾಗಿಸಿದಾಗ ಇಂಜಿನ್ ಚೆನ್ನಾಗಿ ತಿರುಗಿತೆಂದರೆ ಬ್ಯಾಟರಿ, ಸೊಲೆನಾಯ್ಡು, ಮೋಟರು ಮೂರೂ ಸರಿಯಿವೆ. ದೋಷ ಕೀ ಸ್ವಿಚ್ಚಿನಲ್ಲೋ, ಕ್ಲಚ್ ಅಥವಾ ನ್ಯೂಟ್ರಲ್ ಸ್ವಿಚ್ಚಿನಲ್ಲೋ, ನಡುವಿನ ಸಣ್ಣ ವೈರಿನಲ್ಲೋ ಇದೆ. ಇಷ್ಟು ಗೊತ್ತಾದ ಮೇಲೆ ಆ ವೈರು ಹುಡುಕಬೇಕು. ನಮ್ಮವರು ಹುಡುಕುವುದಿಲ್ಲ, ನಾಳೆಯೂ ಸ್ಕ್ರೂಡ್ರೈವರನ್ನೇ ಹಿಡಿಯುತ್ತಾರೆ. ನನ್ನ ತಕರಾರು ಅಲ್ಲಿದೆ.

ಇನ್ನೊಂದು ಚಾಳಿ ಎಲ್ಲದಕ್ಕೂ ಬ್ಯಾಟರಿಯನ್ನೇ ದೂರುವುದು. ಗದ್ದೆಗೆ ಕೆಸರು ಹೊಡೆಯುವ ನಮ್ಮ ಚಿಕ್ಕ ಟ್ರ್ಯಾಕ್ಟರ್ ಒಂದು ಬೆಳಿಗ್ಗೆ ಕಟಕಟ ಎಂದು ಸುಮ್ಮನಾಯಿತು. "ಬ್ಯಾಟ್ರಿ ಹೋಗೈತಣ್ಣ, ಹೊಸದು ಹಾಕ್ಸು" ಎಂದ ರಿಪೇರಿಗೆ ಬಂದ ಹುಡುಗ ಮೀಟರು ಇಟ್ಟೂ ನೋಡಲಿಲ್ಲ. ಹೊಸದು ಹಾಕಿಸಿದೆವು. ವಾರದೊಳಗೆ ಮತ್ತೆ ಅದೇ ಕಟಕಟ. ಬಳ್ಳಾರಿಯ ವಯಸ್ಸಾದ ಎಲೆಕ್ಟ್ರಿಷಿಯನ್ ಒಬ್ಬರು ಬಂದು ಮೊದಲು ಬ್ಯಾಟರಿ ನೋಡಿದರು: 12.6 ವೋಲ್ಟ್, ಪೂರ್ತಿ ಚಾರ್ಜು. ಆಮೇಲೆ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದನ್ನು ಸೆಲ್ಫ್ ಮೋಟರಿನ ಮೈಗೆ ಒತ್ತಿ ಹಿಡಿದು, "ಈಗ ಕೀ ತಿರುಗಿಸಪ್ಪ" ಎಂದರು. ಮುಳ್ಳು ಎರಡು ವೋಲ್ಟಿನ ಹತ್ತಿರ ಹೋಯಿತು. ಅರ್ಧ ವೋಲ್ಟು ದಾಟಿದರೇ ಅರ್ಥ್ ಕೆಟ್ಟಿದೆ ಎಂದು ಲೆಕ್ಕ. ಅರ್ಥ್ ಕೇಬಲ್ಲಿನ ಬೋಲ್ಟು ಬಿಚ್ಚಿದರೆ ಒಳಗೆಲ್ಲ ಒಣಗಿದ ಕೆಸರು, ತುಕ್ಕು, ಹಸಿರು ಕಿಲುಬು. ಉಪ್ಪುಕಾಗದ ಹಚ್ಚಿ ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿದು, ಮೇಲೆ ಗ್ರೀಸು ಸವರಿದರು. ಮೊದಲ ಹೊಡೆತಕ್ಕೇ ಎದ್ದಿತು.

ಸೆಲ್ಫ್ ಹೊಡೆಯುವಾಗ 200 ಆಂಪಿಯರಿನಷ್ಟು ಕರೆಂಟು ಹರಿದರೆ, ಒಂದು ಓಮಿನ ನೂರನೇ ಒಂದು ಪಾಲು ತಡೆಯೂ ಎರಡು ವೋಲ್ಟು ನುಂಗುತ್ತದೆ. ಹೆಡ್‌ಲೈಟಿಗೆ ಬೇಕಾದ ಕರೆಂಟು ಕಡಿಮೆ, ಅದು ಚೆನ್ನಾಗಿಯೇ ಉರಿಯುತ್ತದೆ, ನೋಡಿದವರು ಮೋಸಹೋಗುತ್ತಾರೆ. ತುಂಗಭದ್ರಾ ಕಾಲುವೆಯ ನೀರಿನಲ್ಲಿ ದಿನವಿಡೀ ಓಡಾಡುವ ಗಾಡಿಗೆ ಈ ಕಾಯಿಲೆ ಬರುವುದು ಸಹಜ.

ಕಟಕಟ ಎಂದರೆ ವೋಲ್ಟೇಜು ಸಾಲದು. ಒಂದೇ ಸಲ ಟಕ್ ಎಂದು ನಿಂತರೆ ಸೊಲೆನಾಯ್ಡಿನ ಒಳಗಿನ ತಾಮ್ರವೋ ಮೋಟರಿನ ಕಾರ್ಬನ್ನೋ ಸವೆದಿರಬಹುದು. ಸದ್ದೇ ಇಲ್ಲದಿದ್ದರೆ ಕೀಯಿಂದ ಬರುವ ವೈರು ನೋಡಬೇಕು. ಇನ್ನು ನಮ್ಮ ಬೇಸಿಗೆಯ 40 ಡಿಗ್ರಿ ಬಿಸಿಲಿಗೆ ಬ್ಯಾಟರಿಯ ನೀರು ಬೇಗ ಇಳಿಯುತ್ತದೆ. ಅದಕ್ಕೆ ಬೋರ್‌ವೆಲ್ ನೀರು ಸುರಿಯುವುದು ಶುದ್ಧ ತಪ್ಪು.

ಸ್ಕ್ರೂಡ್ರೈವರ್ ಸ್ಟಾರ್ಟಿನ ನಿಜವಾದ ಅಪಾಯ ಬೇರೆಯೇ ಇದೆ. ತಾಗಿಸುವವನು ನಿಲ್ಲುವುದು ಹಿಂದಿನ ದೊಡ್ಡ ಗಾಲಿಯ ಮುಂದೆ. ಗೇರಿನಲ್ಲಿದ್ದರೆ ಕೀಯಿಂದ ಸ್ಟಾರ್ಟ್ ಆಗದಂತೆ ಕಾಯಲು ಕೂರಿಸಿದ ಸ್ವಿಚ್ಚನ್ನೇ ಅವನು ದಾಟಿರುತ್ತಾನೆ. ಇಂಜಿನ್ ಎದ್ದ ಕ್ಷಣ ಗಾಡಿ ನುಗ್ಗಿದರೆ ಹಾರಿ ತಪ್ಪಿಸಿಕೊಳ್ಳಲು ಜಾಗವಿಲ್ಲ. ಅಮೆರಿಕದ ಕೃಷಿ ಸುರಕ್ಷತಾ ಪಾಠಗಳಲ್ಲಿ ಇದಕ್ಕೆ ಬೈಪಾಸ್ ಸ್ಟಾರ್ಟಿಂಗ್ ಎಂಬ ಹೆಸರೇ ಇದೆ, ಹೀಗೆ ಸತ್ತವರ ಪ್ರಕರಣಗಳನ್ನು ಅಲ್ಲಿ ಬರೆದಿಟ್ಟು ಕಲಿಸುತ್ತಾರೆ.

ನಿಮ್ಮ ಗಾಡಿಯ ಆ ಕಾವಲು ಸ್ವಿಚ್ಚಿನ ವೈರು ಕತ್ತರಿಸಿ ನೇರ ಜೋಡಿಸಿದ್ದರೆ, ನಾಟಿ ಶುರುವಾಗುವ ಮೊದಲೇ ಸರಿಮಾಡಿಸಿ.