ಆಪ್ತಸಮಾಲೋಚನೆಯಲ್ಲಿ ಮೇಲ್ವಿಚಾರಣೆ: ಒಂದು ವಿಮರ್ಶೆ

'ಮೇಲ್ವಿಚಾರಣೆ' ಎಂದೊಡನೆ ನಮ್ಮವರ ಕಣ್ಣೆದುರು ನಿಲ್ಲುವವನು ಹಾಜರಿ ಪುಸ್ತಕ ಹಿಡಿದ ಅಧಿಕಾರಿ. ಆಪ್ತಸಮಾಲೋಚಕರ ಹಾಗೂ ಮನೋಚಿಕಿತ್ಸಕರ ವೃತ್ತಿಯಲ್ಲಿ ಈ ಪದಕ್ಕಿರುವ ಅರ್ಥವೇ ಬೇರೆ. ಚಿಕಿತ್ಸಕನು ತಾನು ನಡೆಸುತ್ತಿರುವ ಪ್ರಕರಣವನ್ನು ಅನುಭವಸ್ಥರ ಮುಂದಿಟ್ಟು, ತನ್ನ ತಪ್ಪುಗಳನ್ನೂ ಒಲವು ಮುನಿಸುಗಳನ್ನೂ ನಿಯತವಾಗಿ ಪರಿಶೀಲಿಸಿಕೊಳ್ಳುವುದೇ ಅದರ ತಿರುಳು. ಈ ಎರಡು ಅರ್ಥಗಳನ್ನು ಬೆರೆಸುವುದು ಅಪಾಯಕರವೆಂದು ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ಪದ್ಧತಿಯ ಚರಿತ್ರೆ ದೀರ್ಘವಾದುದೇನಲ್ಲ. 1909ರಲ್ಲಿ ಫ್ರಾಯ್ಡ್ ಅವರು ಪ್ರಕಟಿಸಿದ 'ಪುಟ್ಟ ಹಾನ್ಸ್' ಪ್ರಕರಣದಲ್ಲಿ ಬಾಲಕನೊಡನೆ ಮಾತುಕತೆ ನಡೆಸಿದವನು ತಂದೆ. ಫ್ರಾಯ್ಡ್ ಅವರು ಬಹುಮಟ್ಟಿಗೆ ಹಿಂದೆ ನಿಂತು ದಾರಿ ತೋರಿದರು. 1920ರಲ್ಲಿ ಬರ್ಲಿನ್ನಿನಲ್ಲಿ ಐಟಿಂಗನ್ ಮೊದಲಾದವರು ತೆರೆದ ಚಿಕಿತ್ಸಾಲಯದಲ್ಲಿ ಇದು ಶಿಕ್ಷಣದ ಅಂಗವಾಯಿತು. ನಮ್ಮಲ್ಲಿ 1954ರಲ್ಲಿ ಬೆಂಗಳೂರಿನಲ್ಲಿ ಡಾ. ಎಂ. ವಿ. ಗೋವಿಂದಸ್ವಾಮಿಯವರ ನೇತೃತ್ವದಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು 1974ರಲ್ಲಿ ನಿಮ್ಹಾನ್ಸ್ ಆಯಿತು. ಅಲ್ಲಿ ಕಲಿಯುವವರಿಗೆ ಹಿರಿಯರ ಮಾರ್ಗದರ್ಶನ ಲಭ್ಯ. ಕಲಿತು ಹೊರಬಂದವರ ಗತಿಯೇನೆಂಬುದೇ ನಮ್ಮ ಪ್ರಶ್ನೆ.

1973ರಲ್ಲಿ ಜೆ. ಎಸ್. ನೇಕಿಯವರು ಗುರು-ಶಿಷ್ಯ ಸಂಬಂಧವನ್ನು ಚಿಕಿತ್ಸೆಗೆ ಮಾದರಿಯಾಗಿ ಮಂಡಿಸಿದರು. ಆ ವಾದವನ್ನು ಮೇಲ್ವಿಚಾರಣೆಗೂ ವಿಸ್ತರಿಸಿದರೆ ನಾವು ಒಪ್ಪಲಾರೆವು. ಗುರುವಿನೆದುರು ಮೌನವೇ ವಿನಯವೆನಿಸಿದಲ್ಲಿ ಶಿಷ್ಯನ ತಪ್ಪು ಹೊರಬೀಳದು. ಬಡ್ತಿ ಕೊಡುವ ಅಧಿಕಾರಿಯ ಮುಂದಂತೂ ಬೀಳುವುದೇ ಇಲ್ಲ.

ರಾಮನಗರ ತಾಲ್ಲೂಕಿನ ಕೂಟಗಲ್ ಹೋಬಳಿಯನ್ನೇ ನೆನೆಯೋಣ. ಬೆಂಗಳೂರು ಹತ್ತಿರವೇ, ಆದರೆ ಹಳ್ಳಿಯಲ್ಲಿ ಎಲ್ಲರೂ ಎಲ್ಲರನ್ನೂ ಬಲ್ಲರು. ಗಂಡನ ಕುಡಿತದಿಂದ ನೊಂದ ಹೆಣ್ಣುಮಗಳೊಬ್ಬಳು ಮನ ಬಿಚ್ಚಿದರೆ, ಕೇಳುವ ಸಮಾಲೋಚಕನು ಆ ಗಂಡನ ನೆಂಟನೋ ಸ್ನೇಹಿತನೋ ಆಗಿರಬಹುದು. ಗುಟ್ಟು ಕಾಯುವ ಹೊಣೆಯಿಂದ ಊರಲ್ಲಿ ಯಾರೊಡನೆಯೂ ಆತ ಬಾಯಿ ಬಿಡುವಂತಿಲ್ಲ. ತನ್ನ ಪಕ್ಷಪಾತ ತನಗೇ ಕಾಣದಿದ್ದಾಗ ಕೆಡುವುದು ಆಕೆಯ ಬಾಳು.

ಏಕೈಕ ಸಾಕ್ಷಿಯ ಹೇಳಿಕೆಯನ್ನು ಇತಿಹಾಸಕಾರರು ಪ್ರಮಾಣವೆಂದು ಗಣಿಸರು. ಸಮಾಲೋಚಕನು ತನ್ನ ಕಾರ್ಯದ ಬಗ್ಗೆ ತಾನೇ ಕೊಡುವ ವರದಿಯೂ ಅಂತಹುದೇ. 2017ರಲ್ಲಿ ಫಲಿತಾಂಶ ಪ್ರಕಟವಾದ ಗೋವೆಯ ಪ್ರಯೋಗದಲ್ಲಿ, ಸ್ಥಳೀಯ ಸಮಾಲೋಚಕರೇ ಗುಂಪಾಗಿ ಕುಳಿತು ಒಬ್ಬರ ಸಂದರ್ಶನದ ಧ್ವನಿಮುದ್ರಣವನ್ನು ಇತರರು ಆಲಿಸಿ ವಿಮರ್ಶಿಸುತ್ತಿದ್ದರು. ರೋಗಿಯ ಸಮ್ಮತಿ ಪಡೆದು, ಹೆಸರು ಮರೆಸಿ, ನೆರೆಯ ತಾಲ್ಲೂಕುಗಳವರು ಕೂಡಿ ಹೀಗೆ ಮಾಡುವುದು ನಮ್ಮಲ್ಲಿಯೂ ಅಸಾಧ್ಯವಲ್ಲ.

2021ರ ಕೇಂದ್ರ ಕಾಯಿದೆಯು ಕೆಲವು ವರ್ಗದ ಸಮಾಲೋಚಕರನ್ನೂ ನೋಂದಣಿಯ ವ್ಯಾಪ್ತಿಗೆ ತಂದಿದೆ, ಇದು ಸ್ವಾಗತಾರ್ಹ. ಆದರೆ ನೋಂದಣಿಯು ವೃತ್ತಿಗೆ ಪ್ರವೇಶ ಮಾತ್ರ. ಪ್ರವೇಶಿಸಿದವನ ವಿವೇಕವನ್ನು ಕೊನೆಯವರೆಗೂ ಎಚ್ಚರವಾಗಿಡತಕ್ಕದ್ದು ಅಧಿಕಾರದಿಂದ ಬೇರ್ಪಟ್ಟ ಮೇಲ್ವಿಚಾರಣೆಯೇ ಎಂಬುದು ನಮ್ಮ ದೃಢವಾದ ಅಭಿಪ್ರಾಯ.